ನಾಲ್ಕು ಸಾವಿರದ ಆಚೆ

ಭೋಸರಿಯ ಫೋರ್ಜಿಂಗ್ ಶಾಪಿನಲ್ಲಿ ಇಪ್ಪತ್ತಾರು ವರ್ಷ
ಎರಡು ಟನ್ನಿನ ಹ್ಯಾಮರಿನ ಎದುರು ನಿಂತ ಕಿವಿ ನನ್ನವು.
ಚಿಂಚವಾಡದ ಡಾಕ್ಟರಮ್ಮ ಗಾಜಿನ ಡಬ್ಬಿಯಲ್ಲಿ ಕೂಡಿಸಿ
ಸದ್ದು ಕೇಳಿದಾಗ ಬೆರಳೆತ್ತಿ ಎಂದಳು.
ಎತ್ತಿದೆ. ಎತ್ತಿದೆ. ಆಮೇಲೆ
ಕೈ ತೊಡೆಯ ಮೇಲೇ ಕೂತಿತ್ತು ಬಹಳ ಹೊತ್ತು,
ಗಾಜಿನಾಚೆ ಅವಳು ಗುಂಡಿ ಒತ್ತುತ್ತಲೇ ಇದ್ದಳು.
ಕಾಗದದ ಮೇಲೆ ನನ್ನ ಕಿವಿಯ ಗೆರೆ
ನಾಲ್ಕು ಸಾವಿರದ ಹತ್ತಿರ
ಹಗ್ಗ ಹರಿದ ಕೊಡದಂತೆ ಬಾವಿಗೆ ಬಿದ್ದಿತ್ತು.

ಹೋದವು: ಜೀರುಂಡೆ,
ಮಹಾನಂದೆಯ ಕಾಲುಂಗುರ ಫರಶಿಗೆ ತಾಗುವುದು,
ಮಗಳ ಹೆಸರಿನ ಮೊದಲಕ್ಷರ.
ಸುಗಲಾ ಎಂದು ಯಾರಾದರೂ ಕೂಗಿದರೆ
ನನಗೆ ಉಗಲಾ.

ಅವಳೇ ಒಂದು ರವಿವಾರ ತಲೆಗೆ ಹೆಡ್‌ಫೋನು ತೊಡಿಸಿ
"ಅಪ್ಪಾ, ಇದು ನಿನಗ ಕೇಳ್ತದ" ಅಂದಳು.
ಕೇಳಿತು. ನಗು ಬಂತು.
ಯಾವ ಸದ್ದಿಗೆ ಹೆದರಿ ಹತ್ತಿ ತುರುಕಿಕೊಂಡೆನೋ
ಅದನ್ನೇ ರೊಕ್ಕ ಕೊಟ್ಟು ಕೇಳುತ್ತಾರೆ ಜನ!
ಯಾವುದೋ ಹಿಮದ ದೇಶದವರಂತೆ.
ಎರಡೂ ಕಾಲಿಂದ ಡ್ರಮ್ಮು ಬಡಿಯುತ್ತಾನೆ ಒಬ್ಬ.
ಪೆಡಲು ನನಗೂ ಇತ್ತು. ಒಂದೇ.

ಆದರೆ ನನ್ನ ಏಟಿನ ಬೆನ್ನಿಗೆ ಯಾರೂ ಬರುತ್ತಿರಲಿಲ್ಲ.
ಏಟು, ಕಿಡಿ. ಏಟು, ಕಿಡಿ. ಊಟದ ಭೋಂಗಾ.
ಇಲ್ಲಿ ಏಟು ಬಿದ್ದಲ್ಲಿಂದ
ನಲವತ್ತು ಪಿಟೀಲು ಏಳುತ್ತವೆ,
ಕಾದು ಕೆಂಪಾದ ಕ್ರ್ಯಾಂಕ್‌ಶಾಫ್ಟನ್ನು ಇಕ್ಕಳದಲ್ಲಿ ಕಚ್ಚಿಸಿ
ಪಂಢರಿ ಗಾಯಕವಾಡ ಓಡುತ್ತಿದ್ದನಲ್ಲ, ಹಾಗೆ
ಅದನ್ನು ಎತ್ತಿಕೊಂಡು ಓಡುತ್ತವೆ,
ಆರುವ ಮೊದಲು, ಆರುವ ಮೊದಲು.
ಹಿಂದೆ ಒಂದು ಚರ್ಚಿನ ತುಂಬ ಜನ ಬಾಯಿ ತೆರೆದು
ಆ ಎನ್ನುತ್ತಾರೆ. ಬರೀ ಆ.
ನನ್ನ ಒಂದೂವರೆ ಖೋಲಿಗೆ
ಎಲ್ಲಿಂದ ಬಂತು ಇಷ್ಟು ಎತ್ತರದ ಸೂರು?

ಕತೆಯೂ ಇದೆ. ಸುಗಲಾ ಓದಿ ಹೇಳಿದಳು:
ಒಬ್ಬ ಅರಸ ಊರ ಗಂಟೆಗಳನ್ನೆಲ್ಲ ಕರಗಿಸಿ
ತೋಪು ಎರೆಸಿದ. ಯುದ್ಧ ಆರು ಹಾಡಿನಷ್ಟು ಉದ್ದ.
ಕೊನೆಗೆ ಉಳಿದ ಹೆಂಗಸರು
ತೋಪು ಕರಗಿಸಿ ಮತ್ತೆ ಗಂಟೆ ಹೊಯ್ದರು.
"ಆಗಂಗಿಲ್ಲ" ಅಂದೆ. "ತೋಪಿನ ಕಂಚಿಗೆ ತವರ ಕಡಿಮಿ.
ಅದರ ಗಂಟಿ ಮಾಡಿದ್ರ ಥಡ್ ಅಂತದ, ಅಷ್ಟ.
ಉಳಿದ ತವರ ಎಲ್ಲಿಂದ ತಂದ್ರು, ಕೇಳು."
ಅವಳು ಫೋನು ಉಜ್ಜಿ ಉಜ್ಜಿ ಸಾಲು ಹುಡುಕಿದಳು.
ಇತ್ತು.
ಮನೆಮನೆಯ ತವರದ ತಟ್ಟೆ, ಚಮಚ,
ಸತ್ತ ಕೂಸಿನ ಗಿಲಕಿ.

ಲೆಕ್ಕ ಸರಿ. ಲೋಹ ಬಲ್ಲವನೇ ಬರೆದದ್ದು.
ನಾನು ಎದ್ದು ನೀರು ಕುಡಿದು ಬಂದೆ.

ಆಮೇಲೆ ಹೆಡ್‌ಫೋನು ಸಾಲದೆ
ಸ್ಪೀಕರನ್ನು ಸ್ಟೀಲಿನ ಕಪಾಟಿನ ಮೇಲಿಟ್ಟು
ಬಾಗಿಲಿಗೆ ಅಂಗೈ ಹಚ್ಚಿ ನಿಂತೆ.
ಒಳಗಿನ ಹ್ಯಾಂಗರುಗಳು, ಮಹಾನಂದೆಯ ಲಗ್ನದ ಸೀರೆ,
ಪಿ.ಎಫ್. ಕಾಗದ, ಎಲ್ಲ ಗುಂಯ್ ಎಂದವು.
ಪಕ್ಕದ ಖೋಲಿಯ ವಿಠಾಬಾಯಿ ಇಣುಕಿ
ಗಣಪತಿಗೆ ಇನ್ನೂ ಮೂರು ತಿಂಗಳಿದೆಯಲ್ಲ ಕಾಕಾ, ಎಂದು
ಅಲ್ಲೇ ಚೌಕಟ್ಟಿಗೆ ಒರಗಿ ನಿಂತಳು.

ಕೊನೆಯ ಹಾಡು ಹದಿನಾಲ್ಕು ನಿಮಿಷ.
ಗಂಟೆ ಹೊಡೆಯಿತು. ಕಪಾಟು ನಡುಗಿ, ನಿಂತಿತು.
ಕೈಗೆ ತಣ್ಣನೆ ತಗಡು.
"ಮುಗೀತೇನು?"
ಇಲ್ಲವೆಂದು ತಲೆಯಾಡಿಸಿದಳು. ಒಂದು ಕೊಳಲು ಉಳಿದಿದೆಯಂತೆ,
ಒಂದೇ, ಸಣ್ಣದು,
ನನ್ನ ಬಾವಿಯ ಆಚೆ ಎಲ್ಲೋ.

ವಿಠಾಬಾಯಿ ಕಣ್ಣು ಮುಚ್ಚಿದ್ದಳು.
ಸುಗಲಾ ನನ್ನೆದುರು ಕೂತು
ಬೆರಳು ಎತ್ತಿದಳು.
ಇಳಿಸಲಿಲ್ಲ.
ನಾನು ಆ ಬೆರಳನ್ನೇ ನೋಡುತ್ತ ಕೂತೆ.
ನಡುವೆ ಒಮ್ಮೆ ಸ್ವಲ್ಪ ಅಲುಗಿತು.
ಅಲ್ಲೊಂದು ತಿರುವು ಇರಬೇಕು.